ಅಡ್ಡಗೋಡೆ ಮೇಲೆ ದೀಪ ಇಡುವವರ ಜೊತೆ ಏನು ಮಾಡಬೇಕು

ಶನಿವಾರ ಸಂಜೆ ಚರ್ಚ್ ಸ್ಟ್ರೀಟ್‌ನಲ್ಲಿ ಕೈ ಹಿಡಿದು ನಡೆಯುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಮೆಸೇಜಿಗೆ ಉತ್ತರವಿಲ್ಲ. ಶುಕ್ರವಾರ ರಾತ್ರಿ ಹನ್ನೊಂದೂವರೆಗೆ "ಏನ್ ಮಾಡ್ತಿದ್ದೀಯ?" ಅಂತ ಬರುತ್ತೆ. ಊರಿಂದ ಬರುವಾಗ ಅಮ್ಮ ಮಾಡಿದ ಚಕ್ಕುಲಿಯನ್ನು ನಿಮಗೆಂದೇ ಡಬ್ಬಿಗೆ ಹಾಕಿ ತರುತ್ತಾರೆ, ಆ ಅಮ್ಮನಿಗೆ ಮಾತ್ರ ನಿಮ್ಮ ಹೆಸರೇ ಗೊತ್ತಿಲ್ಲ. "ನಾವಿಬ್ರೂ ಏನು ಹಾಗಾದ್ರೆ?" ಎಂದು ಕೇಳಿದರೆ "ಈಗ್ಯಾಕೆ ಅದೆಲ್ಲ, ಚೆನ್ನಾಗೇ ಇದೀವಲ್ಲ" ಎಂಬ ಉತ್ತರ. ಹೂಂ ಅಂದಂತೆಯೂ ಅಲ್ಲ, ಉಹೂಂ ಅಂದಂತೆಯೂ ಅಲ್ಲ.

ಇಂಥವರ ಮನಸ್ಸಿನಲ್ಲಿ ಏನಿದೆ ಎಂದು ಕೆದಕುತ್ತಾ ಕೂರುವುದರಿಂದ ಉಪಯೋಗವಿಲ್ಲ. ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ನಿಮಗೆ ಬೇಕಿರುವುದು ಇನ್ನೆರಡು ತಿಂಗಳೊಳಗೆ ನಿಮ್ಮ ಮಟ್ಟಿಗೆ ಒಂದು ತೀರ್ಮಾನ. ಅದಕ್ಕೆ ನಾಲ್ಕು ವಾರದ ಲೆಕ್ಕ, ಒಂದು ನೇರ ಪ್ರಶ್ನೆ, ಒಂದು ತಾರೀಕು ಸಾಕು. ಹೇಗೆ ಎನ್ನುವುದನ್ನು ಕೆಳಗೆ ಬರೆದಿದ್ದೇವೆ.

ಬಿಡೋಕೆ ಯಾಕಾಗಲ್ಲ

ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಇಲ್ಲಿ ನೆನಪಿಗೆ ಬರುತ್ತವೆ. ಕುಟುಕಿದಾಗೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಟುಕುವುದನ್ನು ಬಿಡುತ್ತಿತ್ತು. ಯಾವ ಕುಟುಕಿಗೆ ಕಾಳು ಬೀಳುತ್ತೆ ಎಂಬ ಲೆಕ್ಕವೇ ಸಿಗದಿದ್ದ ಹಕ್ಕಿ, ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತಿತ್ತು. ಐದು ದಿನ ಮೌನ, ಆರನೇ ದಿನ ಒಂದು ಮುದ್ದಾದ ವಾಯ್ಸ್ ನೋಟ್. ದಿನಾ ಮಾತಾಡುವವರಿಗಿಂತ ಇಂಥವರು ನಮ್ಮನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಮೂಗಿಗೆ ತುಪ್ಪ ಸವರುವುದು ಅಂತ ನಮ್ಮ ಅಜ್ಜಿಯಂದಿರು ಯಾವ ಪ್ರಯೋಗಾಲಯವೂ ಇಲ್ಲದೆ ಹೇಳಿಬಿಟ್ಟಿದ್ದರು. ಆದ್ದರಿಂದ ಆರನೇ ದಿನ ನಿಮ್ಮ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತು ಎನ್ನುವುದನ್ನು ಪ್ರೀತಿಯ ಅಳತೆಯಾಗಿ ತೆಗೆದುಕೊಳ್ಳಬೇಡಿ. ಅದು ಕಾದದ್ದರ ಅಳತೆ, ಅಷ್ಟೇ.

ಇನ್ನೊಂದು ವಿವರಣೆಯೂ ಚಾಲ್ತಿಯಲ್ಲಿದೆ. ಮಕ್ಕಳು ಮತ್ತು ಹೆತ್ತವರ ಬಾಂಧವ್ಯದ ಬಗ್ಗೆ ಜಾನ್ ಬೌಲ್ಬಿ, ಮೇರಿ ಏನ್ಸ್‌ವರ್ತ್ ಮಾಡಿದ ಕೆಲಸವನ್ನು 1987ರಲ್ಲಿ ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ ಪ್ರೇಮ ಸಂಬಂಧಗಳಿಗೂ ಹೊಂದಿಸಿ ನೋಡಿದರು. ಹತ್ತಿರವಾದಷ್ಟೂ ಕಸಿವಿಸಿಯಾಗಿ ಹಿಂದೆ ಸರಿಯುವವರು ಇರುತ್ತಾರೆ, ಅದು ನಿಜ. ಆದರೆ ನಾಲ್ಕು ರೀಲ್ಸ್ ನೋಡಿ ಎದುರಿನವರಿಗೆ "ಅವಾಯ್ಡೆಂಟ್" ಎಂದು ಚೀಟಿ ಅಂಟಿಸಿಬಿಟ್ಟರೆ ಒಂದು ಅಪಾಯವಿದೆ. ಆಮೇಲೆ ಅವರು ಏನು ಮಾಡಿದರೂ "ಪಾಪ, ಅವರ ಸ್ವಭಾವ ಹಾಗೆ" ಎಂದು ನೀವೇ ವಕಾಲತ್ತು ವಹಿಸುತ್ತೀರಿ. ಕಾರಣ ಏನೇ ಇರಲಿ, ನಿಮ್ಮ ಭಾನುವಾರ ಖಾಲಿ ಹೋಗಿದ್ದು ಹೋಗಿದ್ದೇ.

ನಾಲ್ಕು ವಾರ ಬರೆದಿಡಿ

ಫೋನಿನ ನೋಟ್ಸ್‌ನಲ್ಲಿ ಒಂದೊಂದು ಭೇಟಿಗೂ ಒಂದು ಸಾಲು ಬರೆಯಿರಿ. ಪ್ಲಾನ್ ಹಾಕಿದ್ದು ಯಾರು, ಎಷ್ಟು ದಿನ ಮೊದಲು, ಭೇಟಿ ನಡೆಯಿತಾ, ತಪ್ಪಿಹೋಗಿದ್ದರೆ ಬೇರೆ ದಿನ ಹೇಳಿದ್ದು ಯಾರು, ಬೆಳಕಿನಲ್ಲಿ ನಾಲ್ಕು ಜನರ ನಡುವೆ ಸಿಕ್ಕಿದ್ದಾ ಅಥವಾ ಕತ್ತಲಾದ ಮೇಲೆ ರೂಮಿನಲ್ಲಾ. ಇಷ್ಟೇ. ನಾಲ್ಕು ವಾರ ಯಾಕೆ ಅಂದರೆ, ಅಷ್ಟರಲ್ಲಿ ಒಂದು ತಿಂಗಳ ಕೊನೆ, ಒಂದು ಸಂಬಳದ ವಾರ, ಬಹುಶಃ ಆಫೀಸಿನ ಸಾಫ್ಟ್‌ವೇರ್ ರಿಲೀಸ್ ಒಂದು, ಒಂದು ಊರಿನ ಪ್ರಯಾಣ ಎಲ್ಲವೂ ಬಂದು ಹೋಗುತ್ತವೆ. ಒಂದೇ ವಾರದ ಲೆಕ್ಕ ಹಿಡಿದು ತೀರ್ಮಾನಿಸಿದರೆ, ಪಾಪ ನಿಜಕ್ಕೂ ಬಿಡುವಿಲ್ಲದವರ ಮೇಲೆ ತಪ್ಪು ಹೊರಿಸಿದಂತಾಗುತ್ತೆ.

ಲಾಸ್ಟ್ ಸೀನ್, ಬ್ಲೂ ಟಿಕ್, ಸ್ಟೇಟಸ್ ಮೊದಲು ನೋಡಿದ್ದು ಯಾರು, ಯಾವ ಫೋಟೋಗೆ ಲೈಕ್ ಒತ್ತಿದರು, ಇವನ್ನು ಬರೆಯಬೇಡಿ. ಬ್ಲೂ ಟಿಕ್ಕನ್ನೂ ಲಾಸ್ಟ್ ಸೀನನ್ನೂ ಯಾರು ಬೇಕಾದರೂ ಆಫ್ ಮಾಡಿಡಬಹುದು. ಸ್ಟೇಟಸ್ ಒಂದಾದ ಮೇಲೊಂದು ತಾನಾಗೇ ತೆರೆದುಕೊಳ್ಳುತ್ತೆ, ಮೆಟ್ರೋದಲ್ಲಿ ನಿಂತು ಬೆರಳಾಡಿಸಿದರೆ ನಿಮ್ಮದೂ ದಾಟಿ ಹೋಗುತ್ತೆ. ಅದರಿಂದ ತಿಳಿಯುವುದು ಏನೂ ಇಲ್ಲ, ಕೆಡುವುದು ನಿದ್ದೆ ಮಾತ್ರ.

ಲೆಕ್ಕ ಓದುವಾಗ ಕಣ್ಣಿಡಬೇಕಾದದ್ದು, ತಪ್ಪಿದ ಭೇಟಿಗೆ ಬೇರೆ ದಿನ ಹೇಳಿದವರು ಯಾರು ಎಂಬುದರ ಮೇಲೆ. ಎಂಟು ಪ್ಲಾನ್‌ಗಳಲ್ಲಿ ಮೂರು ಕ್ಯಾನ್ಸಲ್ ಆಗಿ, ಆ ಮೂರಕ್ಕೂ ಅವರೇ ಬೇರೆ ದಿನ ಹೇಳಿ ಬಂದಿದ್ದರೆ ಚಿಂತೆಗೆ ಕಾರಣವಿಲ್ಲ. ಎಂಟರಲ್ಲಿ ಒಂದೂ ತಪ್ಪಿಲ್ಲ, ಆದರೆ ಎಂಟೂ ನೀವೇ ಹಾಕಿದ ಪ್ಲಾನ್ ಅಂದರೆ, ನೀವು ಕರೆದಾಗ ಬರುವ ಗೆಳೆತನ ಇದೆ, ಅದಕ್ಕಿಂತ ಹೆಚ್ಚಿನದು ಇನ್ನೂ ಕಂಡಿಲ್ಲ ಎಂದಷ್ಟೇ ಅರ್ಥ.

ಮೂರನೇ ವಾರದಲ್ಲಿ ಏಳು ದಿನ ನೀವಾಗಿ ಯಾವ ಪ್ಲಾನೂ ಹಾಕಬೇಡಿ. ಮುನಿಸಿಕೊಂಡು ಕೂರುವುದು ಬೇಡ. ಅವರು ಮೆಸೇಜ್ ಮಾಡಿದರೆ ಎಂದಿನ ಹಾಗೆ ಉತ್ತರಿಸಿ, ಕರೆದರೆ ಹೋಗಿ. ಎಳೆಯುವ ಕೆಲಸ ನಿಲ್ಲಿಸಿದರೆ ಗಾಡಿ ತಾನಾಗಿ ಎಷ್ಟು ದೂರ ಉರುಳುತ್ತೆ ಎಂದು ನೋಡುವುದಷ್ಟೇ ಇದರ ಉದ್ದೇಶ.

ಊರಿನ ಕಾರಣ, ಮನಸ್ಸಿನ ಕಾರಣ

ಬೆಂಗಳೂರಿನಲ್ಲಿ ತಪ್ಪಿಸಿಕೊಳ್ಳುವವರಿಗೆ ಒಂದು ಅನುಕೂಲವಿದೆ. ಇಲ್ಲಿ ಕೊಡುವ ನೆಪಗಳೆಲ್ಲ ಅರ್ಧ ನಿಜವೇ ಆಗಿರುತ್ತವೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಕೆಂಗೇರಿಯಲ್ಲಿ ಮನೆ ಅಂದರೆ ನೇರಳೆ ಮಾರ್ಗದ ಮೆಟ್ರೋದಲ್ಲೇ ಒಂದು ಗಂಟೆ ದಾಟುತ್ತೆ. ಅಮೆರಿಕದ ಟೀಮ್ ಜೊತೆ ಕೆಲಸ ಮಾಡುವವರಿಗೆ ರಾತ್ರಿ ಒಂಬತ್ತಕ್ಕೆ ಕಾಲ್ ಇರುವುದು ಸುಳ್ಳಲ್ಲ. ಪಿಜಿಯ ಗೇಟು ಹತ್ತಕ್ಕೆ ಹಾಕುತ್ತಾರೆ ಅನ್ನುವುದೂ ನಿಜ. ಮಳೆ ಬಂದರೆ ಕ್ಯಾಬ್ ಸಿಗಲ್ಲ ಎಂದು ಈ ಊರಿನಲ್ಲಿ ಯಾರೂ ಪ್ರಮಾಣ ಮಾಡಿ ಹೇಳಬೇಕಿಲ್ಲ.

ಹಾಗಾಗಿ ನೆಪ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಹೋಗಬೇಡಿ, ವಾದದಲ್ಲಿ ಸೋಲುತ್ತೀರಿ. ನೆಪದ ಬೆನ್ನಿಗೆ ಏನು ಬರುತ್ತೆ ನೋಡಿ. "ಇವತ್ತು ಆಗಲ್ಲ ಕಣೋ, ಪ್ರೊಡಕ್ಷನ್ ಇಶ್ಯೂ ಬಂದಿದೆ. ಗುರುವಾರ ಏಳಕ್ಕೆ ಜಯನಗರ ಮೆಟ್ರೋ ಹತ್ರ ಸಿಗ್ತೀಯಾ?" ಎನ್ನುವವರು ಬಿಡುವಿಲ್ಲದವರು. "ಅಯ್ಯೋ ಸಿಕ್ಕಾಪಟ್ಟೆ ಬಿಝಿ, ನೋಡೋಣ" ಎನ್ನುವವರು ಬೇರೆ. ಆ "ನೋಡೋಣ" ಮೂರು ಸಲ ಬಂದರೆ, ನಾಲ್ಕನೇ ಸಲ ಅದಕ್ಕೆ ನೀವು ದಿನ ಹೊಂದಿಸಿಕೊಡಬೇಡಿ.

ಎಲೆಕ್ಟ್ರಾನಿಕ್ ಸಿಟಿಯವರಿಗೆ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಜಾಮ್ ಎಂಬ ನೆಪದ ಬೆಲೆ ಇಳಿದಿದೆ.

ಮುಂದೂಡುವುದಕ್ಕೆ ಬಳಸುವ ದೊಡ್ಡ ಕಾರಣಗಳು ಇನ್ನೊಂದು ಬಗೆಯವು. ಅಪ್ರೈಸಲ್ ಮುಗೀಲಿ, ವಿದೇಶದ ಆನ್‌ಸೈಟ್ ಕೆಲಸ ಏನಾಗುತ್ತೋ ನೋಡೋಣ, ನೋಟಿಸ್ ಪೀರಿಯಡ್ ಕಳೀಲಿ, ಅಕ್ಕನ ಮದುವೆ ಆಗ್ಲಿ, ಆಷಾಢ ಹೋಗ್ಲಿ. ಇವಕ್ಕೆಲ್ಲ ಕೇಳಬೇಕಾದದ್ದು ಒಂದೇ: "ಸರಿ, ಅದು ಯಾವ ತಿಂಗಳು ಮುಗಿಯುತ್ತೆ? ಮುಗಿದ ಮೇಲೆ ಏನು ಮಾಡ್ತೀವಿ?" ತೊಂಬತ್ತು ದಿನದ ನೋಟಿಸ್‌ಗೆ ಕೊನೆಯ ದಿನ ಇರುತ್ತೆ. ಆಷಾಢ ಒಂದು ತಿಂಗಳು. ಆಷಾಢದಲ್ಲಿ ಮದುವೆ ಮಾಡುವುದಿಲ್ಲ, ಒಪ್ಪಿದೆವು. ಅಕ್ಕನಿಗೆ ಫೋನ್ ಮಾಡಿ ನಿಮ್ಮ ಹೆಸರು ಹೇಳಬಾರದು ಅಂತ ಯಾವ ಪಂಚಾಂಗವೂ ಹೇಳಿಲ್ಲ. ಒಂದು ಕಾರಣ ಮುಗಿಯುವ ಮುಂಚೆಯೇ ಇನ್ನೊಂದು ಹುಟ್ಟಿಕೊಂಡರೆ ಅದನ್ನೂ ನೋಟ್ಸ್‌ನಲ್ಲಿ ಬರೆದಿಡಿ.

"ಮನೇಲಿ ಒಪ್ಪಲ್ಲ"

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಇದು ನಿಜವಾದ ಭಯವೂ ಹೌದು, ಬಹಳ ಸಲೀಸಾದ ಗುರಾಣಿಯೂ ಹೌದು. ಜಾತಿ, ಭಾಷೆ, ಜಾತಕ, ಒಂದೇ ಗೋತ್ರ, ಆಸ್ತಿ, ಅಪ್ಪನ ಬಿಪಿ. ಇವುಗಳನ್ನು ಹಗುರವಾಗಿ ತಳ್ಳಿಹಾಕುವವರು ಇಂಥ ಮನೆಯಲ್ಲಿ ಬೆಳೆದಿಲ್ಲ ಎಂದೇ ಅರ್ಥ.

ನಿಜವಾಗಿ ಹೆದರಿದವರು ಮನೆಯಲ್ಲಿ ಒಬ್ಬರನ್ನಾದರೂ ಹುಡುಕಿಕೊಳ್ಳುತ್ತಾರೆ. ಚಿಕ್ಕಮ್ಮನೋ ಅತ್ತಿಗೆಯೋ ಮದುವೆಯಾದ ಅಣ್ಣನೋ, ಯಾರಾದರೊಬ್ಬರ ಕಿವಿಗೆ ಹಾಕಿರುತ್ತಾರೆ. ಯಾವಾಗ ಹೇಳಬೇಕು, ಮೊದಲು ಅಮ್ಮನಿಗೋ ಅಪ್ಪನಿಗೋ, ಒಪ್ಪದಿದ್ದರೆ ಎಲ್ಲಿರುವುದು ಎಂದು ನಿಮ್ಮ ಜೊತೆ ಕೂತು ಮಾತಾಡುತ್ತಾರೆ. ಗುರಾಣಿ ಹಿಡಿದವರ ಮನೆಯಲ್ಲಿ ಈ ವಿಷಯ ಒಮ್ಮೆಯೂ ಬಂದೇ ಇರುವುದಿಲ್ಲ. ಯಾರೂ ಕೇಳಿಯೇ ಇಲ್ಲದ ಪ್ರಶ್ನೆಗೆ "ಒಪ್ಪಲ್ಲ" ಎಂಬ ಉತ್ತರ ಸಿದ್ಧವಾಗಿದೆ. ಆದ್ದರಿಂದ "ಯಾರ ಹತ್ರ ಹೇಳಿದ್ದೀಯ, ಅವರು ಏನಂದ್ರು?" ಎಂದು ಕೇಳಿ.

ಕಾನೂನಿನ ದಾರಿಯೂ ಇಬ್ಬರಿಗೂ ಗೊತ್ತಿರಲಿ. ವಿಶೇಷ ವಿವಾಹ ಕಾಯ್ದೆ 1954ರದ್ದು. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಹಾಕುತ್ತಾರೆ, 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮುಗಿಸಬೇಕು, ಇಲ್ಲವಾದರೆ ಮತ್ತೆ ಹೊಸ ನೋಟಿಸ್. ಆಕ್ಷೇಪಣೆ ಎತ್ತಬೇಕಾದರೆ ವಯಸ್ಸು, ಈಗಾಗಲೇ ಇರುವ ಮದುವೆಯಂಥ ಕಾನೂನಿನ ಕಾರಣ ಬೇಕು, "ನಮಗಿಷ್ಟವಿಲ್ಲ" ಎನ್ನುವುದು ನಡೆಯುವುದಿಲ್ಲ. ನಾಳೆಯೇ ಹೋಗಿ ನೋಟಿಸ್ ಕೊಡಿ ಎಂದು ಹೇಳುತ್ತಿಲ್ಲ. ಈ ವಿಷಯ ಎತ್ತಿದಾಗ ಎದುರಿನವರು ಪ್ರಶ್ನೆ ಕೇಳುತ್ತಾರಾ, ಇಲ್ಲಾ ಮಾತು ಮಸಾಲೆ ದೋಸೆ ಕಡೆ ತಿರುಗುತ್ತಾ, ನೋಡಿ.

ಕೇಳುವ ದಿನ

ಕೇಳುವ ಮುಂಚೆ ನಿಮಗೆ ಏನು ಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬೇರೆ ಯಾರ ಜೊತೆಯೂ ಡೇಟಿಂಗ್ ಇಲ್ಲ ಎಂಬ ಮಾತು ಬೇಕಾ, ಗೆಳೆಯರಿಗೆ ಗೊತ್ತಾಗಬೇಕಾ, ಮನೆಯವರಿಗೆ ಹೇಳಬೇಕಾ? ಒಮ್ಮೆಗೆ ಒಂದೇ ಮೆಟ್ಟಿಲು. ನಾಲ್ಕು ತಿಂಗಳ ಪರಿಚಯಕ್ಕೆ ಏಕಾಏಕಿ ಛತ್ರ ಬುಕ್ ಮಾಡುವ ಮಾತಾಡಿದರೆ ಗಟ್ಟಿ ಮನಸ್ಸಿನವರೂ ಬೆದರುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು: "ಇಲ್ಲ" ಎಂದರೆ ನಾನು ಏನು ಮಾಡುತ್ತೇನೆ. ಆ ಸಾಲು ಬರೆಯಲಾಗದಿದ್ದರೆ ಕೇಳುವ ದಿನ ಇನ್ನೂ ಬಂದಿಲ್ಲ.

ವಾಟ್ಸಾಪ್‌ನಲ್ಲಿ ಕೇಳಬೇಡಿ. ಅಲ್ಲಿ ಮೂರು ದಿನ ಬಿಟ್ಟು ಒಂದು ಸ್ಟಿಕರ್ ಕಳಿಸಿ ಮಾತು ಮುಗಿಸಬಹುದು. ಬೈಕಿನ ಹಿಂದೆ ಕೂತು, ಪಬ್ಬಿನಲ್ಲಿ ಎರಡು ಗ್ಲಾಸ್ ಆದ ಮೇಲೆ, ಹುಟ್ಟುಹಬ್ಬದ ದಿನ, ಆಫೀಸಿನ ಕ್ಯಾಂಟೀನಿನಲ್ಲಿ ಬೇಡ. ದರ್ಶಿನಿಯೂ ಆಗಲ್ಲ. ನಿಂತುಕೊಂಡು ಬೈ ಟು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯುವ ಮಾತಲ್ಲ ಇದು, ಪಕ್ಕದವರ ಕಿವಿಯೂ ಅಲ್ಲೇ ಇರುತ್ತೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್‌ನ ಅಥವಾ ಲಾಲ್‌ಬಾಗ್‌ನ ಬೆಂಚು ಒಳ್ಳೆಯದು. ಸುತ್ತ ಜನ ಇರುತ್ತಾರೆ, ಕೇಳಿಸಿಕೊಳ್ಳುವವರು ಇರುವುದಿಲ್ಲ. ಇಬ್ಬರೂ ಬೇರೆ ಬೇರೆ ಬನ್ನಿ, ವಾಪಸ್ ಹೋಗುವ ದಾರಿ ಪ್ರತ್ಯೇಕ ಇರಲಿ. ಮುಕ್ಕಾಲು ಗಂಟೆ ಸಾಕು.

ಮಾತು ಹೀಗಿರಬಹುದು: "ನಂಗೆ ನೀನಂದ್ರೆ ಇಷ್ಟ. ನಾವಿಬ್ರೂ ಜೋಡಿ ಅಂತ ಫ್ರೆಂಡ್ಸ್‌ಗೆ ಗೊತ್ತಾಗೋ ಹಾಗೆ, ಬೇರೆ ಯಾರ ಜೊತೆನೂ ಸುತ್ತಾಡದೆ ಇರಬೇಕು ಅಂತ ನಂಗಿದೆ. ನಿಂಗೂ ಹಾಗೇ ಅನ್ಸುತ್ತಾ?"

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಹೆಚ್ಚಿನವರು ಎಡವುವುದು ಇಲ್ಲೇ. ಎದುರಿನವರು ಬೆಂಚಿನ ಮೇಲಿನ ಎಲೆ ಎತ್ತಿಕೊಂಡು ನಾರು ಬಿಡಿಸುತ್ತಾ ಕೂರುತ್ತಾರೆ, ಹತ್ತು ಸೆಕೆಂಡ್ ಆಗುತ್ತೆ, ಹದಿನೈದು ಆಗುತ್ತೆ, ನಿಮಗೆ ತಡೆಯಲಾಗದೆ "ಪರ್ವಾಗಿಲ್ಲ, ಈಗ್ಲೇ ಹೇಳ್ಬೇಕಂತೇನಿಲ್ಲ, ಸುಮ್ನೆ ಕೇಳ್ದೆ" ಅಂದುಬಿಡುತ್ತೀರಿ. ಪ್ರಶ್ನೆ ಕೇಳಿದವರೇ ವಾಪಸ್ ತೆಗೆದುಕೊಂಡ ಮೇಲೆ ಉತ್ತರ ಎಲ್ಲಿಂದ ಬರಬೇಕು? ಆ ಮೌನ ಅವರದ್ದು, ಅವರೇ ಮುರಿಯಲಿ.

ಬರುವ ಉತ್ತರಗಳು

"ಹೂಂ" ಬಂದರೆ ಅದೇ ವಾರದಲ್ಲಿ ಒಂದು ಸಣ್ಣ ಕೆಲಸ ಆಗಬೇಕು. ಒಬ್ಬ ಗೆಳತಿಗೆ ಪರಿಚಯ ಮಾಡಿಸುವುದು, ಡೇಟಿಂಗ್ ಆ್ಯಪ್‌ನಿಂದ ಪ್ರೊಫೈಲ್ ತೆಗೆಯುವುದು, ಅಂಥದ್ದು. ಆ್ಯಪ್ ಅನ್ನು ಫೋನಿನಿಂದ ಅಳಿಸಿದರೆ ಪ್ರೊಫೈಲ್ ಹೋಗುವುದಿಲ್ಲ, ಅಕೌಂಟನ್ನೇ ಡಿಲೀಟ್ ಮಾಡಬೇಕು. ಇದು ಇಬ್ಬರಿಗೂ ಅನ್ವಯ.

"ಇಲ್ಲ" ಬಂದರೆ ನೋವಾಗುತ್ತೆ, ಗೊಂದಲ ಇರುವುದಿಲ್ಲ. ಥ್ಯಾಂಕ್ಸ್ ಹೇಳಿ ಎದ್ದುಬಿಡಿ.

"ಟೈಮ್ ಕೊಡು" ಎನ್ನುವುದೇ ಹೆಚ್ಚು. ಒಂದು ಕಾಲದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ದೆವ್ವ ಬರದಿರಲಿ ಅಂತ "ನಾಳೆ ಬಾ" ಎಂದು ಬರೆಯುತ್ತಿದ್ದರು. ತಾರೀಕಿಲ್ಲದ "ಟೈಮ್ ಕೊಡು" ಕೂಡ ಅದೇ ಜಾತಿ, ಇಲ್ಲಿ ದೆವ್ವದ ಜಾಗದಲ್ಲಿ ನೀವಿದ್ದೀರಿ. ಟೈಮ್ ಕೊಡಿ, ಆದರೆ ದಿನ ಹೇಳಿ. ಬೇರೆಯವರ ಜೊತೆ ಡೇಟಿಂಗ್ ಬೇಡ ಎನ್ನುವ ಮಾತಿಗೆ ಎರಡು ವಾರ ಬೇಕಾದಷ್ಟಾಯಿತು. ಗೆಳೆಯರಿಗೆ ತಿಳಿಸಲು ಒಂದು ತಿಂಗಳು. ಮನೆಯಲ್ಲಿ ಹೇಳುವುದಕ್ಕೆ ಮೂರು ತಿಂಗಳು ಕೊಡಬಹುದು, ಆರು ಎಂದರೆ ನಮ್ಮ ಲೆಕ್ಕದಲ್ಲಿ ಜಾಸ್ತಿಯಾಯಿತು. "ಸರಿ, ಮುಂದಿನ ತಿಂಗಳು ಹತ್ತನೇ ತಾರೀಕು ಮತ್ತೆ ಕೂತು ಮಾತಾಡೋಣ" ಎಂದು ಅವರ ಎದುರೇ ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ. ನಡುವೆ ಆ ಮಾತು ಎತ್ತಬೇಡಿ.

"ಹೆಸರು ಯಾಕೆ ಇಡಬೇಕು, ಹೀಗೇ ಇರೋಣ" ಎಂದರೆ ಅದನ್ನು "ಇಲ್ಲ" ಎಂದೇ ಬರೆದುಕೊಳ್ಳಿ. ನಿಮಗೂ ಹಾಗೇ ಇರುವುದು ನಿಜಕ್ಕೂ ಒಪ್ಪಿಗೆಯಾದರೆ ಸರಿ, ಮುಂದೆ ಮನಸ್ಸು ಬದಲಾಗುತ್ತೆ ಎಂಬ ಆಸೆಯಿಂದ ಒಪ್ಪಬೇಡಿ. ಸಿಟ್ಟು ಬಂದರೆ ("ನನ್ ಮೇಲೆ ನಂಬಿಕೆ ಇಲ್ವಾ?") ವಾದಕ್ಕಿಳಿಯದೆ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಂದೇ ಸಲ ಕೇಳಿ. ಅಪ್ಪಿಕೊಂಡು, ಮುದ್ದು ಮಾಡಿ, ಮಾತು ಮರೆಸುವವರೂ ಇದ್ದಾರೆ. ಅದು ಹಿತವಾಗಿರುತ್ತೆ. ಮನೆಗೆ ಹೋಗಿ ನೋಟ್ಸ್ ತೆರೆದರೆ ಉತ್ತರದ ಜಾಗ ಖಾಲಿ.

ಎಲ್ಲಿ ಕೆಡುತ್ತೆ

ಗೆಳತಿಯನ್ನೋ ಗೆಳೆಯನನ್ನೋ ರಾಯಭಾರಕ್ಕೆ ಕಳಿಸಿದರೆ ಮಾತು ಮೂರು ಬಾಯಿ ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತೆ. ಹೊಟ್ಟೆಕಿಚ್ಚು ಹುಟ್ಟಿಸಲು ಬೇರೆಯವರ ಜೊತೆ ಸ್ಟೋರಿ ಹಾಕಿದರೆ, ಜಾರಿಕೊಳ್ಳಲು ಕಾಯುತ್ತಿದ್ದವರಿಗೆ ನೀವೇ ಬಾಗಿಲು ತೆಗೆದುಕೊಟ್ಟಂತೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ತಾರೀಕನ್ನು ಜರುಗಿಸುವುದು. ಹತ್ತನೇ ತಾರೀಕು ಅವರಿಗೆ ಜ್ವರ ಅಂದರೆ ಹನ್ನೆರಡಕ್ಕೆ ಹಾಕಬಹುದು. ಎರಡನೇ ಸಲವೂ ಜರುಗಿದರೆ ನಿಮ್ಮ ಮಾತಿಗೆ ಬೆಲೆ ಇಲ್ಲ ಎಂದು ಇಬ್ಬರಿಗೂ ಗೊತ್ತಾಗಿಬಿಡುತ್ತೆ.

ಹಣದ ವಿಷಯ ಬೇರೆಯೇ. ಉತ್ತರ ಸಿಗುವ ಮುಂಚೆ ಒಟ್ಟಿಗೆ ಮನೆ ಮಾಡಿ ಅಡ್ವಾನ್ಸ್ ಕೊಡುವುದು, ಅವರ ಸ್ಕೂಟರ್ ಇಎಂಐ ನಿಮ್ಮ ಖಾತೆಯಿಂದ ಹೋಗುವುದು, ಕ್ರೆಡಿಟ್ ಕಾರ್ಡ್ ಹಂಚಿಕೊಳ್ಳುವುದು ಬೇಡ. ಆಮೇಲೆ ಬಿಡಬೇಕೆಂದರೂ ಲೆಕ್ಕ ಬಿಡುವುದಿಲ್ಲ.

ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದ್ದರೆ ಕಾನೂನೂ ನಡುವೆ ಬರುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ನೆರವೇರಿಸುವ ಉದ್ದೇಶವೇ ಇಲ್ಲದೆ ಮಹಿಳೆಗೆ ಮದುವೆಯ ಮಾತು ಕೊಟ್ಟು ಸಂಬಂಧ ಬೆಳೆಸುವುದನ್ನು ಅಪರಾಧ ಎನ್ನುತ್ತದೆ, ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಆಮೇಲೆ ಮನಸ್ಸು ಬದಲಾಗಿದ್ದಕ್ಕೂ ಮೊದಲಿಂದಲೇ ಮೋಸಕ್ಕೂ ವ್ಯತ್ಯಾಸವಿದೆ. ನಿಮ್ಮದು ಯಾವುದು ಎಂದು ವಕೀಲರ ಬಳಿ ಕೇಳಿ, ಜಗಳದಲ್ಲಿ ಬೆದರಿಕೆಯಾಗಿ ಬಳಸಬೇಡಿ.

"ಇಲ್ಲ" ಅಂದ ಮೇಲೆ

ಬಾಯಿಬಿಟ್ಟು ಹೇಳಿದ "ಇಲ್ಲ" ಆಗಲಿ, ತಾರೀಕು ದಾಟಿದ ಮೌನ ಆಗಲಿ, ಕೆಲಸ ಒಂದೇ. ಕನಿಷ್ಠ ಒಂದು ತಿಂಗಳು ನೀವಾಗಿ ಸಂಪರ್ಕಿಸಬೇಡಿ. ಚಾಟನ್ನು ಆರ್ಕೈವ್ ಮಾಡಿ, ಮ್ಯೂಟ್‌ನಲ್ಲಿ "ಯಾವಾಗಲೂ" ಎಂಬುದನ್ನು ಆರಿಸಿ, ಎಂಟು ಗಂಟೆಯದ್ದು ಸಾಲದು. ಅವರ ಸ್ಟೇಟಸ್ಸನ್ನೂ ಮ್ಯೂಟ್ ಮಾಡಿ. ಓಟಿಟಿಯ, ಇಮೇಲಿನ ಪಾಸ್‌ವರ್ಡ್ ಬದಲಿಸಿ, ಲೊಕೇಷನ್ ಶೇರಿಂಗ್ ನಿಲ್ಲಿಸಿ. ಒಂದೇ ಆಫೀಸಿನವರಾದರೆ ಕೆಲಸದ ಮಾತು ಕೆಲಸದ ಚಾಟಿನಲ್ಲೇ ಆಗಲಿ, ಟೀ ಬ್ರೇಕ್ ಅರ್ಧ ಗಂಟೆ ಆಚೀಚೆ ಮಾಡಿಕೊಳ್ಳಿ.

ಈ "ಇಲ್ಲ" ನಿಮ್ಮ ಕಡೆಯಿಂದ ಹೋಗಿದ್ದರೂ ಅವರ ಕಡೆಯಿಂದ ಬಂದಿದ್ದರೂ ಪಿಜಿ ಮುಂದೆ ಕಾಯುವುದು, ಬೇರೆ ನಂಬರಿನಿಂದ ಫೋನ್ ಮಾಡುವುದು ಪ್ರೀತಿಯ ಲೆಕ್ಕಕ್ಕೆ ಬರುವುದಿಲ್ಲ. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಹುಡುಗಿಯ ಬೆನ್ನು ಹತ್ತಿದರೆ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅದು ಅಪರಾಧ. ಅಂಥದ್ದು ನಿಮಗೇ ಆಗುತ್ತಿದ್ದರೆ 112ಕ್ಕೆ ಕರೆ ಮಾಡಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೂ ಹೋಗಬಹುದು, ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೂರನೇ ವಾರದ ಹೊತ್ತಿಗೆ, ಸಾಮಾನ್ಯವಾಗಿ ರಾತ್ರಿಯೇ, "ನೆನಪಾಯ್ತು, ಹೇಗಿದ್ದೀಯ?" ಎಂಬ ಮೆಸೇಜ್ ಬರುವುದುಂಟು. ರಾತ್ರಿ ಉತ್ತರ ಬೇಡ. ಬೆಳಿಗ್ಗೆ ಹಲ್ಲುಜ್ಜಿ, ಕಾಫಿ ಕುಡಿದ ಮೇಲೆ ಇಷ್ಟೇ ಬರೆಯಿರಿ: "ಚೆನ್ನಾಗಿದ್ದೀನಿ. ಅವತ್ತು ಕೇಳಿದ್ದಕ್ಕೆ ಉತ್ತರ ಹೇಳೋದಿದ್ರೆ ಭಾನುವಾರ ಒಂಬತ್ತಕ್ಕೆ ಲಾಲ್‌ಬಾಗ್‌ಗೆ ಬಾ." ಶನಿವಾರ ರಾತ್ರಿಯೊಳಗೆ ಬರ್ತೀನಿ ಎಂಬ ಮಾತು ಬರದಿದ್ದರೆ ಹೋಗಬೇಡಿ, ಚಾಟನ್ನು ಮತ್ತೆ ಆರ್ಕೈವ್‌ಗೆ ಹಾಕಿ.